ಕೆರೆ ಎಲ್ಲರದು, ಹೂಳು ಯಾರದು?

(ಅರಳಿಕಟ್ಟೆ. ಮೇಷ್ಟ್ರ ಕೈಯಲ್ಲಿ ರಸೀದಿ ಪುಸ್ತಕ.)

ಮೇಷ್ಟ್ರು: ಗೌಡ್ರೇ, ಕೆರೆ ಹೂಳೆತ್ತೋಕೆ ಮನೆಗೆ 500 ರೂಪಾಯಿ.

ಗೌಡ್ರು: ನಾನು ಕೊಡದಿದ್ರೆ ಅಂತರ್ಜಲ ನನ್ನ ಬೋರ್‌ವೆಲ್ ಬಿಟ್ಟು ಸುತ್ತುಹಾಕಿ ಹೋಗುತ್ತಾ?

ಮೇಷ್ಟ್ರು: ಇಲ್ಲ.

ಗೌಡ್ರು: ಮತ್ಯಾಕೆ ಕೊಡ್ಲಿ?

ಮೇಷ್ಟ್ರು: ಇದಕ್ಕೇ ಅರ್ಥಶಾಸ್ತ್ರದಲ್ಲಿ ಪುಕ್ಕಟೆ ಸವಾರಿ ಅನ್ನೋದು. ಗುಂಪು ದೊಡ್ಡದಾದಷ್ಟೂ ಹೆಗಲು ಕೊಡೋರು ಕಡಿಮೆ ಅಂತ ಮ್ಯಾನ್ಸರ್ ಓಲ್ಸನ್ 1965ರಲ್ಲೇ ಬರೆದಿದ್ದಾರೆ.

ಗೌಡ್ರು: ಪುಸ್ತಕದಲ್ಲೇ ಇದೆ ಅಂದ್ಮೇಲೆ ನನ್ನ ತಪ್ಪೇನು?

ಮೇಷ್ಟ್ರು: ಇನ್ನೊಂದೂ ಇದೆ. ಊರೋರೇ ಕಟ್ಟಳೆ ಮಾಡ್ಕೊಂಡು, ತಪ್ಪಿದೋರಿಗೆ ದಂಡ ಹಾಕಿದ್ರೆ ನೀರು, ಕಾಡು ಉಳಿಯಬಲ್ಲವು ಅಂತ ತೋರಿಸಿದ ಎಲಿನಾರ್ ಆಸ್ಟ್ರಮ್‌ಗೆ 2009ರಲ್ಲಿ ನೊಬೆಲ್ ಬಂತು.

ಗೌಡ್ರು: ಭೇಷ್! ದಂಡ ಹಾಕೋ ಕಮಿಟಿ ಮಾಡಿ. ನಾನೇ ಅಧ್ಯಕ್ಷ!

ಮೇಷ್ಟ್ರು: ಹಾಗಾದ್ರೆ ಮೊದಲ ರಸೀದಿ ನಿಮ್ಮದೇ?

ಗೌಡ್ರು: ಅಧ್ಯಕ್ಷರಿಗೆ ವಿನಾಯಿತಿ ಇಲ್ವೇನ್ರೀ?