ಕೌಟಿಲ್ಯ ಮಾರ್ಗಕ್ಕೆ ಕೋಪ ಬಂದಿದೆ

ಛತ್ತರ್‌ಪುರದಾಚೆ ರಿಡ್ಜ್ ಕಾಡಿನೊಳಗೆ ರಸ್ತೆ ಅಗಲ ಮಾಡಿದ ಕತೆ ದಿಲ್ಲಿಯಲ್ಲಿ ಯಾರಿಗೂ ಹೊಸದಲ್ಲ. ಆ ರಸ್ತೆಯನ್ನೇ ಮಾತಾಡಿಸೋಣವೆಂದು ಹೋದರೆ, ವಕೀಲರನ್ನು ಕೇಳದೆ ಬಾಯಿ ಬಿಡುವುದಿಲ್ಲ ಅಂದಿತು. ಹಾಗಾಗಿ ಚಾಣಕ್ಯಪುರಿಯ ಕೌಟಿಲ್ಯ ಮಾರ್ಗವನ್ನು ಹಿಡಿದೆ. ಕರ್ನಾಟಕ ಭವನ ಮಗ್ಗುಲಲ್ಲೇ ಇರುವುದರಿಂದ ಇದಕ್ಕೆ ಕನ್ನಡ ಬರುತ್ತದೆ. ಹೈಕಮಾಂಡ್ ಭೇಟಿಗೆ ಬಂದು, ಫೋನು ಕಿವಿಗಿಟ್ಟುಕೊಂಡು ಗೇಟಿನಾಚೆ ಶತಪಥ ಹಾಕುವವರ ಮಾತು ಕೇಳಿ ಕೇಳಿ ರಾಜಕೀಯವೂ ಬರುತ್ತದೆ.

ನಮಸ್ಕಾರ. ಹೇಗಿದ್ದೀರಿ?

ಹೇಗಿರೋದು ಸ್ವಾಮಿ? ಫೆಬ್ರವರಿ ಬಂತೆಂದರೆ ಹೊಟ್ಟೆಯುರಿ. ಆ ಶಾಂತಿಪಥಕ್ಕೆ ಹಾಲೆಂಡಿನಿಂದ ಟುಲಿಪ್ ಗಡ್ಡೆ ತರಿಸ್ತಾರೆ. ಕೆಂಪು, ಹಳದಿ, ಬಿಳಿ. ಜನ ಸೆಲ್ಫಿಗೆ ಮುಗಿಬೀಳ್ತಾರೆ. ನನಗೇನು ಸಿಗುತ್ತೆ? ಸಾಲಾಗಿ ಬಿಳಿ ಇನ್ನೋವಾ, ಒಳಗೆ ಎಸಿ ಹಾಕ್ಕೊಂಡು ಗೊರಕೆ ಹೊಡೆಯೋ ಡ್ರೈವರು.

ನಾನು ಬಂದದ್ದು ರಸ್ತೆ ಅಗಲೀಕರಣದ ಲಾಭ ನಷ್ಟ ಕೇಳಲು. ಅದಕ್ಕೂ ಮೊದಲು ಒಂದು ಮಾತು. ನಿಮ್ಮ ಹೆಸರಿನ ಮಹನೀಯರ ಅರ್ಥಶಾಸ್ತ್ರದ ಹಸ್ತಪ್ರತಿ 1905ರಲ್ಲಿ ಬೆಳಕಿಗೆ ಬಂದದ್ದು ನಮ್ಮ ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿ. ರುದ್ರಪಟ್ಟಣದ ಶಾಮಶಾಸ್ತ್ರಿಗಳು 1909ರಲ್ಲಿ ಅಚ್ಚು ಹಾಕಿಸಿದರು, 1915ರಲ್ಲಿ ಇಂಗ್ಲಿಷಿಗೆ ತಂದರು. ಅವರಿಲ್ಲದಿದ್ದರೆ...

ಗೊತ್ತು. ಇಷ್ಟನ್ನೂ ಹೇಳದೆ ನನ್ನ ಮೇಲೆ ಹಾದುಹೋದ ಮೈಸೂರಿನವರನ್ನ ನಾನು ಇನ್ನೂ ನೋಡಿಲ್ಲ. ಟುಲಿಪ್ ವಿಷಯ ಮುಗಿದಿರಲಿಲ್ಲ.

ಮುಗಿಸೋಣ. ಅದೇ ಗ್ರಂಥದಲ್ಲಿ ರಸ್ತೆಗಳ ಅಳತೆಯೂ ಇದೆ. ರಾಜಮಾರ್ಗಕ್ಕೆ ನಾಲ್ಕು ದಂಡ, ಅಂದರೆ 24 ಅಡಿ. ಹಳ್ಳಿಗೆ, ಸ್ಮಶಾನಕ್ಕೆ, ಸೈನ್ಯದ ಬೀಡಿಗೆ ಹೋಗುವ ದಾರಿಗೆ ಎಂಟು. ಹಾಗಿರುವಾಗ ಆ ರಿಡ್ಜ್ ಕಾಡಿನೊಳಗೆ, ಮೈದಾನ್ ಗಢಿಯ ಅರೆಸೇನಾ ಪಡೆಯವರ ಆಸ್ಪತ್ರೆಗೆ ದಾರಿ ಅಗಲ ಮಾಡಿದರೆ ಚಾಣಕ್ಯನೇ ಮೆಚ್ಚಬೇಕಲ್ಲವೇ?

ಮೆಚ್ಚಲಿ. ಬೇಡ ಅಂದೋರು ಯಾರು? ಗಡೀಲಿ ಗುಂಡು ತಿಂದು ಬಂದೋನು ಆಸ್ಪತ್ರೆ ದಾರೀಲಿ ಜಾಮಿಗೆ ಸಿಕ್ಕೊಂಡು ಸಾಯಬಾರದು. ಸುಪ್ರೀಂ ಕೋರ್ಟೂ ಆಸ್ಪತ್ರೆ ಬೇಡ ಅಂದಿಲ್ಲ. ಆ ದಾರೀಲೇ ಇರೋ ಸಾರ್ಕ್ ವಿಶ್ವವಿದ್ಯಾಲಯ ನನಗೆ ಹಳೇ ನೆರೆ ಬೇರೆ. ಇಲ್ಲೇ ಅಕ್ಬರ್ ಭವನದಲ್ಲಿತ್ತು, 2023ರಲ್ಲಿ ಗಂಟುಮೂಟೆ ಕಟ್ಟಿತು. ಅದಕ್ಕೂ ದಾರಿ ಬೇಕು. ಆದರೆ ಅಗಲ ಮಾಡಿದ ಮಾತ್ರಕ್ಕೆ ಜಾಮ್ ಹೋಗುತ್ತೆ ಅಂತ ನನ್ನ ಹತ್ತಿರ ಹೇಳಬೇಡಿ. 2008ರ ಜನವರೀಲಿ ಗುರುಗ್ರಾಮದ ಎಕ್ಸ್‌ಪ್ರೆಸ್‌ವೇ ತೆರೆದರು. ಎಂಟು ಲೇನು, ಇನ್ನು ಚಿಂತೆಯಿಲ್ಲ ಅಂದ್ರು. ಆಮೇಲೆ ಟೋಲ್‌ನಿಂದಲೇ ಜಾಮ್ ಅಂತ 2014ರಲ್ಲಿ ಗಡಿಯ ಟೋಲ್ ಗೇಟನ್ನೇ ಕಿತ್ತರು. ಸಂಜೆ ಧೌಲಾ ಕುವಾಕ್ಕೆ ಹೋಗಿ ನಿಂತು ನೋಡಿ. ಜಾಗ ಮಾಡಿದಷ್ಟೂ ಕಾರು ಬಂದವು. ಬಂದೋವು ನನ್ನ ಪಕ್ಕದ ಸರ್ದಾರ್ ಪಟೇಲ್ ಮಾರ್ಗಕ್ಕೇ ಅಲ್ಲವೇ ನುಗ್ಗೋದು? ಅಲ್ಲಿಂದ ಶಾಂತಿಪಥಕ್ಕೆ ಟುಲಿಪ್ ನೋಡೋಕೆ...

ಅದೇ ಅರ್ಥಶಾಸ್ತ್ರದಲ್ಲಿ ನಡೆಯುವ ಮನುಷ್ಯರ ಹಾದಿಗೂ ಎರಡು ಮೊಳ ಎತ್ತಿಟ್ಟಿದೆ. ಶಾಮಶಾಸ್ತ್ರಿಗಳು ಅದನ್ನು...

ಸ್ವಾಮಿ, ನೀವು ಸಂದರ್ಶನಕ್ಕೆ ಬಂದಿರೋ, ಉಪನ್ಯಾಸಕ್ಕೋ?

ಸರಿ, ನೇರವಾಗಿ ಕೇಳುತ್ತೇನೆ. ಆಸ್ಪತ್ರೆ ಬೇಕು, ದಾರಿ ಬೇಕು ಅಂದಿರಿ. ಮತ್ತೆ ತಕರಾರೇನು?

ರಿಡ್ಜ್‌ನಲ್ಲಿ ಮರ ಮುಟ್ಟೋಕೆ ಸುಪ್ರೀಂ ಕೋರ್ಟಿನ ಅಪ್ಪಣೆ ಬೇಕು. ರಸ್ತೆ ಅಗಲ ಮಾಡಿದ ದಿಲ್ಲಿ ಅಭಿವೃದ್ಧಿ ಪ್ರಾಧಿಕಾರಕ್ಕೆ, ಅದೇ ಡಿಡಿಎಗೆ, ಇದು ಗೊತ್ತಿಲ್ಲದ್ದಲ್ಲ. ಗೊತ್ತಿದ್ದರಿಂದಲೇ ಅರ್ಜಿ ಹಾಕಿದ್ದು. 2024ರ ಮಾರ್ಚ್ 4ರಂದು ಆ ಅರ್ಜಿ ಕೋರ್ಟಿನ ಮುಂದೆ ಬಂತು. ಬೇರೆ ದಾರಿ ಇದೆಯಾ ಹುಡುಕಿ, ಕಡೀಲೇಬೇಕಾದರೆ ತೀರಾ ಅನಿವಾರ್ಯವಾದಷ್ಟನ್ನೇ ಕಡೀರಿ ಅಂತ ಕೋರ್ಟು ಬುದ್ಧಿ ಹೇಳಿ ಕಳಿಸಿತು. ಅಷ್ಟು ಹೊತ್ತಿಗೆ ಅಲ್ಲಿ ಸುಮಾರು 1,100 ಮರ ಉರುಳಿ ಆಗಿತ್ತು. ಫೆಬ್ರವರಿಯಲ್ಲೇ. ಕಡಿದಾಗಿದೆ ಅನ್ನೋ ಒಂದು ಮಾತನ್ನ ಕೋರ್ಟಿಗೆ ಹೇಳಲಿಲ್ಲ. ಇಲ್ಲಿ ಗಡ್ಡೆ ನೆಟ್ಟು, ನೀರು ಹಾಯಿಸಿ, ಹೂವಿಗೆ ಹಬ್ಬ ಮಾಡ್ತಿದ್ದರಲ್ಲ, ಅದೇ ಫೆಬ್ರವರಿ.

(ಟುಲಿಪ್ ಕತೆ ಇಲ್ಲಿಗೆ ಬಂದು ಮುಟ್ಟುತ್ತದೆಂದು ನಾನು ಎಣಿಸಿರಲಿಲ್ಲ.) 2025ರ ಮೇ 28ರಂದು ತೀರ್ಪು ಬಂತಲ್ಲ?

ಬಂತು. ನ್ಯಾಯಾಂಗ ನಿಂದನೆ ಆಗಿದೆ ಅಂತು. 185 ಎಕರೆಯಲ್ಲಿ ಗಿಡ ನೆಡಿ ಅಂತು. ರಸ್ತೆ ಅಗಲ ಆಗಿದ್ದರಿಂದ ಲಾಭ ಮಾಡಿಕೊಂಡ ಸಿರಿವಂತರನ್ನ ಗುರುತಿಸಿ ಅವರಿಂದಲೂ ವಸೂಲಿ ಮಾಡಿ ಅಂತು. ಆ ಕಡೆಯ ಫಾರ್ಮ್‌ಹೌಸ್ ಗೇಟುಗಳ ಎತ್ತರ ನೋಡಿದ್ದೀರಲ್ಲ? ಆಸ್ಪತ್ರೆ ಹೆಸರಲ್ಲಿ ದಾರಿ ಅಗಲ ಮಾಡಿದರೂ ಆ ಗೇಟುಗಳ ಮುಂದಿನ ಭೂಮಿಗೇ ಬೆಲೆ ಏರೋದು. ತಪ್ಪು ಮಾಡಿದ ಅಧಿಕಾರಿಗಳಿಗೆ? ತಲಾ 25,000 ರೂಪಾಯಿ. ಇಷ್ಟೆಲ್ಲ ಆದ ಮೇಲೂ ಒಂದು ಮರವೂ ಎದ್ದು ನಿಲ್ಲೋದಿಲ್ಲ. ರಸ್ತೆಗೆ ಮಾತ್ರ ಏನೂ ಆಗಲಿಲ್ಲ, ಅದು ಅಲ್ಲೇ ಇದೆ. ಮೊದಲು ಕಡಿ, ಆಮೇಲೆ ಕೇಳು, ಸಿಕ್ಕಿಬಿದ್ದರೆ ಸಸಿ ನೆಡು. ಮುಂದಿನ ರಸ್ತೆ ಅಗಲ ಮಾಡೋನು ಈ ತೀರ್ಪನ್ನ ಹೆದರಿಕೊಂಡು ಓದ್ತಾನೋ, ಖರ್ಚಿನ ಪಟ್ಟಿ ಅಂತ ಓದ್ತಾನೋ ಹೇಳಿ.

ನನಗೆ ಮಾತು ಹೊರಡಲಿಲ್ಲ. ಹೊರಟಾಗ ಮತ್ತೆ ಅದೇ ಚಾಳಿ.

ಶಾಮಶಾಸ್ತ್ರಿಗಳ ಪುಸ್ತಕದಲ್ಲಿ ಇದಕ್ಕೂ ಲೆಕ್ಕವಿದೆ. ನಗರದ ಉದ್ಯಾನದ ಮರದ ಚಿಗುರು ಕಿತ್ತರೆ ಆರು ಪಣ, ಸಣ್ಣ ಕೊಂಬೆಗೆ ಹನ್ನೆರಡು, ದೊಡ್ಡ ಕೊಂಬೆಗೆ ಇಪ್ಪತ್ತನಾಲ್ಕು. ಮರವನ್ನೇ ಉರುಳಿಸಿದರೆ ಮಧ್ಯಮ ದಂಡ, 200ರಿಂದ 500 ಪಣ. ಆಗ ಆಳಿನ ಸಂಬಳ 60 ಪಣ. ವರ್ಷದ ಸಂಬಳವೆಂದೇ ಹಿಡಿದರೆ ಒಂದು ಮರಕ್ಕೆ ಮೂರರಿಂದ ಎಂಟು ವರ್ಷದ ದುಡಿಮೆ! ಮೈಸೂರಿನವರು ಜಗತ್ತಿಗೆ ಕೊಟ್ಟ...

ಮೈಸೂರಿನವರು ಅಂದಿರಾ? ಆ ಪುಸ್ತಕ ಸಿಕ್ಕಿದ ಊರಲ್ಲೇ, 2025ರ ಏಪ್ರಿಲ್‌ನಲ್ಲಿ, ಹೈದರ್ ಅಲಿ ರಸ್ತೆ ಅಗಲ ಮಾಡೋಕೆ ಅಂತ 40 ಮರ ನೆಲಕ್ಕುರುಳಿಸಿದರಲ್ಲ, ಅದು ಎಷ್ಟನೇ ಅಧ್ಯಾಯದಲ್ಲಿ ಬರುತ್ತೆ?

...ಕರ್ನಾಟಕ ಭವನದ ಹೊಸ ಕಟ್ಟಡ, ಆ 'ಕಾವೇರಿ', ಚೆನ್ನಾಗಿ ಬಂದಿದೆ ಅಲ್ಲವೇ?

ಬಂದಿದೆ. ತಮಿಳುನಾಡು ಭವನವೂ ನನ್ನ ಮೇಲೇ ಇದೆ. ನೀರಿನ ವಿಷಯ ನನ್ನನ್ನ ಕೇಳಬೇಡಿ.

ಕೊನೆಯದಾಗಿ ಒಂದು ಮನವಿ. ಇಲ್ಲೇ ಪಕ್ಕದಲ್ಲಿ ಯಾವುದಾದರೂ ಸಣ್ಣ ಗಲ್ಲಿಗೆ ಶಾಮಶಾಸ್ತ್ರಿಗಳ ಹೆಸರು...

ಬೇಡ ಸ್ವಾಮಿ, ದಮ್ಮಯ್ಯ. ಗಲ್ಲಿಯ ಎರಡೂ ಕಡೆ ಬೇವಿನ ಮರ ಇವೆ. ಇಷ್ಟು ದೊಡ್ಡವರ ಹೆಸರಿಗೆ ಇಷ್ಟು ಸಣ್ಣ ದಾರಿಯಾ ಅಂತ ನಿಮ್ಮೋರೇ ಯಾರಾದರೂ ಅಗಲೀಕರಣಕ್ಕೆ ಅರ್ಜಿ ಹಾಕ್ತಾರೆ.