ಫೇಡರ್ ಇಳಿಸುವ ಪುಣ್ಯಾತ್ಮರು

ಮಿಕ್ಸಿಂಗ್ ಕೋಣೆಯಲ್ಲಿ ಎಲ್ಲರದೂ ಒಂದೇ ಅಹವಾಲು: "ನನ್ನದು ಸ್ವಲ್ಪ ಜಾಸ್ತಿ ಮಾಡಿ ಸಾರ್." ತಬಲಾದವರಿಗೆ ತಬಲಾ, ಕೊಳಲಿನವರಿಗೆ ಕೊಳಲು, ನಿರ್ಮಾಪಕರಿಗೆ ತಮ್ಮ ಮಗಳು ಹಾಡಿದ ಕೋರಸ್. ಎಲ್ಲವನ್ನೂ ಏರಿಸಿದರೆ ಉಳಿಯುವುದು ಹಾಡಲ್ಲ, ಸಂತೆ. ಜಾಣ ಎಂಜಿನಿಯರ್ "ಆಯ್ತು ಸಾರ್" ಎನ್ನುತ್ತಲೇ ಅಡ್ಡ ನಿಂತದ್ದನ್ನು ಇಳಿಸುತ್ತಾನೆ. ಗಾಯಕಿಯ ದನಿ ಮಂಕಾಗಿದ್ದರೆ ಗಿಟಾರಿನ 300 ಹರ್ಟ್ಸ್ ಆಸುಪಾಸಿಗೆ ಕತ್ತರಿ.

ಜೋರಾಗಿಟ್ಟರೆ ಯಾವ ಮಿಕ್ಸೂ ಚೆಂದವೇ! ಸದ್ದು ತಗ್ಗಿದಷ್ಟೂ ನಮ್ಮ ಕಿವಿಗೆ ಬೇಸ್ ಸೊರಗುತ್ತದೆಂದು ವಿಜ್ಞಾನಿಗಳಾದ ಫ್ಲೆಚರ್ ಮತ್ತು ಮನ್ಸನ್ 1933ರಲ್ಲೇ ಅಳೆದು ತೋರಿಸಿದರು. ಆದ್ದರಿಂದ ಪಕ್ಕದವರ ಮಾತು ಕೇಳುವಷ್ಟು ತಗ್ಗಿಸಿ ಕೆಲಸ ಮಾಡಿ. ಆಗಾಗ ಮೊನೊಗೆ ತಿರುಗಿಸಿ ನೋಡಿ. ಎಡಬಲದಲ್ಲಿ ಮೆರೆಯುತ್ತಿದ್ದ ಕೆಲವು ವಾದ್ಯಗಳು ಅಲ್ಲಿ ತಲೆಮರೆಸಿಕೊಳ್ಳುತ್ತವೆ. ನಿಮಗಿಷ್ಟವಾದ ಹಾಡೊಂದನ್ನು ಅದೇ ಮಟ್ಟದಲ್ಲಿ ಪಕ್ಕದಲ್ಲಿಟ್ಟು ಕೇಳಿ. ಅಹಂಕಾರಕ್ಕೆ ಒಳ್ಳೆಯ ಔಷಧ.

ರಾತ್ರಿ ಎರಡು ಗಂಟೆಗೆ "ಅದ್ಭುತ" ಎನಿಸಿದ್ದಕ್ಕೆ ಬೆಳಗಿನ ಕಾಫಿಯ ತನಕ ಸಹಿ ಹಾಕಬೇಡಿ. ದಣಿದ ಕಿವಿಗೆ ಎಷ್ಟು ಟ್ರೆಬಲ್ ಬಡಿಸಿದರೂ ಸಾಲದು.

ಕೊನೆಯದಾಗಿ, ಫೈಲಿನ ಹೆಸರಲ್ಲಿ ತಾರೀಖು ಹಾಕಿ. "ಫೈನಲ್", "ಹೊಸ ಫೈನಲ್", "ದೇವರಾಣೆ ಫೈನಲ್" ಎಂದೆಲ್ಲ ಇಟ್ಟರೆ, ಬಿಡುಗಡೆಯಾದದ್ದು ಯಾವುದೆಂದು ಆ ದೇವರಿಗೂ ತಿಳಿಯದು.