ಆಡು–ಹುಲಿ ಸಾಕ್ಷ್ಯಮೀಮಾಂಸೆ

ಪೀಠಿಕೆ: ಮಳಖೇಡದ ಮಗ್ಗುಲಿನ ಸಿಮೆಂಟ್ ಕಾಲೋನಿ ಆದಿತ್ಯನಗರದಿಂದ ಚಿತ್ತಾಪುರ, ವಾಡಿ, ಶಹಾಬಾದಿನವರೆಗೆ ಎಲ್ಲಿ ಕೂತರೂ ಕೆಳಗೆ ಫರ್ಸಿ. ಫರ್ಸಿ ಇದ್ದಲ್ಲಿ ಸೀಮೆಸುಣ್ಣದ ಗೆರೆ, ಗೆರೆಯ ಮೇಲೆ 3 ಹುಲಿ, 15 ಆಡು, ಆಟ ಮುಗಿದ ಮೇಲೆ ವಾದ. ಆ ವಾದದಲ್ಲಿ ವಿನಯವೆಷ್ಟು, ಸತ್ಯವೆಷ್ಟು ಎಂಬುದೇ ಇಲ್ಲಿ ವಿಚಾರ್ಯ. ಮರತೂರಿನವನೆಂದು ಈ ಸೀಮೆ ಹೆಮ್ಮೆಪಡುವ ವಿಜ್ಞಾನೇಶ್ವರ, ಯಾಜ್ಞವಲ್ಕ್ಯ ಸ್ಮೃತಿಗೆ ಬರೆದ ವ್ಯಾಖ್ಯಾನ ಮಿತಾಕ್ಷರಾದಲ್ಲಿ ಸಾಕ್ಷಿಗೊಂದು, ಜೂಜಿಗೊಂದು ಪ್ರಕರಣ ಇಟ್ಟ. ಎರಡನ್ನೂ ಒಂದೇ ಕಟ್ಟೆಗೆ ಕೂಡಿಸುವ ಕೆಲಸ ಮಾತ್ರ 900 ವರ್ಷ ನಮ್ಮ ದಾರಿ ಕಾಯುತ್ತಿತ್ತು.

ಸೂತ್ರ 1: ಗೆದ್ದವನು ವಿನಯವಂತ.
ಭಾಷ್ಯ: "ಸುಮ್ಮ ಟೈಂಪಾಸ್ ಆಡಿದೆ ನೋಡ್ರಿ ಕಾಕಾ. ನಿಮ್ಮ ಕಣ್ ತಪ್ತು, ಇದ್ರಾಗ ನಂದೇನದ?" ಕಾಕಾನ ಕಣ್ಣು ತಪ್ಪಿದ್ದನ್ನು ಕಟ್ಟೆಗೆಲ್ಲ ಸಾರಲು ಇದಕ್ಕಿಂತ ಸುರಕ್ಷಿತ ಮಾರ್ಗ ಶಾಸ್ತ್ರಕಾರರಿಗೂ ತೋಚಿಲ್ಲ.

ಸೂತ್ರ 2: ಸೋತವನು ಸತ್ಯವಂತ, ಒಂದೇ ಒಂದು ಆಡಿನ ಮಟ್ಟಿಗೆ.
ಭಾಷ್ಯ: "ಹನ್ನೊಂದನೇ ಆಡು ಮೂಲ್ಯಾಗ ಇಟ್ಟಿದ್ರ ಹುಲಿ ಅಲ್ಲೇ ಕಟ್ಟಿ ಬೀಳ್ತಿತ್ತು, ತಮ್ಮಾ." ತಪ್ಪೊಪ್ಪಿಗೆ ಪ್ರಾಮಾಣಿಕವೇ. ಉಳಿದ 14 ಆಡು ನಿರ್ದೋಷಿಗಳೆಂಬ ತೀರ್ಪನ್ನೂ ಅದರಲ್ಲೇ ಸೇರಿಸಿಕೊಂಡಿದ್ದಾನೆ.

ಪೂರ್ವಪಕ್ಷ: 361 ಸಂಧಿಗಳ ಗೋ ಆಟದವರು ಮುಗಿದ ಪಂದ್ಯವನ್ನು ಮೊದಲ ಕಾಯಿಯಿಂದ ಮತ್ತೆ ಜೋಡಿಸಿ ತಮ್ಮ ತಪ್ಪು ತಾವೇ ತೋರಿಸುತ್ತಾರಲ್ಲ? 2016ರಲ್ಲಿ ಆಲ್ಫಾಗೋ ಎಂಬ ಯಂತ್ರಕ್ಕೆ 4–1ರಿಂದ ಸೋತ ಲೀ ಸೆಡೋಲ್, ಮೂರನೇ ಸೋಲಿಗೇ ಜನರ ಕ್ಷಮೆ ಕೇಳಲಿಲ್ಲವೇ?

ಸಿದ್ಧಾಂತ: ಕೇಳಿದ. ಆದರೆ ಯಂತ್ರ ಮರುದಿನ ಅದೇ ಚಾದಂಗಡಿಗೆ ಬಂದು ಅವನೆದುರು ಹಲ್ಲುಕಿರಿಯುವುದಿಲ್ಲ. ಇನ್ನು ಯಾಜ್ಞವಲ್ಕ್ಯನ ಪ್ರಕಾರ ಪ್ರಮಾಣ ಮೂರು. ಲಿಖಿತ: ಗೋ ಪಂದ್ಯಕ್ಕೆ ನಡೆನಡೆಯ ದಾಖಲೆ ಉಂಟು, ನಮ್ಮ ಸೀಮೆಸುಣ್ಣದ್ದನ್ನು ಸೋತವನ ಧೋತರವೇ ಒರೆಸುತ್ತದೆ. ಭುಕ್ತಿ: ಆಡುಗಳನ್ನು ಹುಲಿ ಆಗಲೇ ಭೋಗಿಸಿದೆ. ಸಾಕ್ಷಿ: ಕನಿಷ್ಠ ಮೂವರು ಬೇಕು, ಕಟ್ಟೆಯಲ್ಲಿ ಏಳೆಂಟು ಮಂದಿಗೆ ಕೊರತೆಯಿಲ್ಲ. ಆದರೆ "ಅದಲ್ಲ, ಇದು ನಡಸು" ಎಂದು ಆಟದುದ್ದಕ್ಕೂ ಎರಡೂ ಕಡೆಗೆ ಹೇಳಿಕೊಟ್ಟವರು ಸಾಕ್ಷಿಗಳಲ್ಲ, ಆರೋಪಿಗಳು.

ನಿರ್ಣಯ: ಗೆದ್ದವನ ವಿನಯಕ್ಕೆ ಇನ್ನೊಂದು ಆಟ ದಂಡ. ಸೋತವನ ಸತ್ಯಕ್ಕೂ ಅದೇ ಆಟ ದಂಡ. ಚಾದ ರೊಕ್ಕ ಸಾಕ್ಷಿಗಳು ಕೊಡತಕ್ಕದ್ದು.